ಸೋಮವಾರದ ಹುಡುಗಿ

ನಮ್ಮವರಿಗೆ ಒಳ್ಳೆಯ ಯೋಚನೆಗಳು ಬರುವುದು ಊಟಕ್ಕೆ ಕೂತಾಗಲೇ. ಕೈಯಲ್ಲಿ ತುತ್ತು ಇರುತ್ತದೆ, ಬಾಯಿ ತೆರೆದಿರುತ್ತದೆ, ಕಣ್ಣು ಮಾತ್ರ ಗೋಡೆಯ ಮೇಲೆ ನಿಂತುಬಿಡುತ್ತದೆ. ಆಗ ನಾನು ಸಾರಿನ ಪಾತ್ರೆ ಕೆಳಗಿಟ್ಟು ಕಾಯುತ್ತೇನೆ. ಮದುವೆಯಾಗಿ ಮೂವತ್ತು ವರ್ಷ ದಾಟಿತು. ಅವರ ಯೋಚನೆಗಳ ಅರ್ಧ ಕೆಲಸ ಕೊನೆಗೆ ನನ್ನ ಅಡುಗೆಮನೆಗೇ ಬಂದು ಬೀಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಮ್ಮವರು ಎಂದರೆ ಮಧುಸೂದನ, ಸಿರುಗುಪ್ಪದ ಒಂದು ಸರಕಾರಿ ಪಿಯು ಕಾಲೇಜಿನ ಪ್ರಿನ್ಸಿಪಾಲರು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹುಟ್ಟಿ ಬೆಳೆದವರು. ಬಡ್ತಿ ಸಿಕ್ಕಿತೆಂದು ಇಲ್ಲಿಗೆ ಬಂದೆವು, ಜೊತೆಗೆ ನಮ್ಮ ಅತ್ತೆ ಲಕ್ಷ್ಮೀಬಾಯಿಯವರೂ ಬಂದರು. ಎಂಬತ್ತು ದಾಟಿದ ಜೀವ, ಆದರೆ ಮಡಿಯ ವಿಷಯದಲ್ಲಿ ಇವತ್ತಿಗೂ ಕೂದಲೆಳೆಯಷ್ಟು ಸಡಿಲ ಬಿಡುವವರಲ್ಲ. ಬೆಳಗ್ಗೆ ತಮ್ಮ ಅಡುಗೆ ತಾವೇ ಮಾಡಿಕೊಂಡು, ನಮಗಿಂತ ಮೊದಲೇ ಉಂಡು, ಮೊಗಸಾಲೆಯ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅವರದೇ.

ಆ ರಾತ್ರಿಯ ಯೋಚನೆಗೆ ಒಂದು ಕಾರಣವಿತ್ತು. ಕಾಲೇಜು, ಹೈಸ್ಕೂಲು ಎರಡೂ ಒಂದೇ ಕಾಂಪೌಂಡಿನಲ್ಲಿವೆ. ಸರಕಾರದ ಬಿಸಿಯೂಟ ಹತ್ತನೇ ತರಗತಿಗೆ ಮುಗಿಯುತ್ತದೆ. ಮಾರ್ಚಿನವರೆಗೆ ತಟ್ಟೆ ಹಿಡಿದು ಸಾಲಿನಲ್ಲಿ ಕೂತ ಮಕ್ಕಳು ಜೂನಿನಲ್ಲಿ ಅದೇ ಅಂಗಳ ದಾಟಿ ಆಚೆ ಕಟ್ಟಡಕ್ಕೆ ಹೋಗುತ್ತಾರೆ. ಅಲ್ಲಿಗೆ ಅವರಿಗೆ ಹಸಿವು ನಿಂತಿತು ಎಂದು ಸರಕಾರದ ಲೆಕ್ಕ. ಮಧ್ಯಾಹ್ನದ ಗಂಟೆ ಹೊಡೆದಾಗ ಈಚೆ ಅನ್ನ ಸಾಂಬಾರಿನ ಘಮ, ಆಚೆ ನಲ್ಲಿಯ ನೀರು. ಸುತ್ತಲಿನ ಹಳ್ಳಿಗಳಿಂದ ಬರುವ ಹುಡುಗಿಯರು ಬೆಳಗಿನ ಬಸ್ಸಿಗೆ ಹೊರಡುವಾಗ ಮನೆಯಲ್ಲಿ ಒಲೆಯೇ ಹತ್ತಿರುವುದಿಲ್ಲ, ಡಬ್ಬಿ ಕಟ್ಟುವುದೆಲ್ಲಿಂದ ಬಂತು? ಅವರೆಲ್ಲ ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಿದ್ದರು. ಊಟದ ನಂತರದ ಪಿರಿಯಡ್ಡುಗಳಲ್ಲಿ ಅರ್ಧ ಬೆಂಚು ಖಾಲಿ.

ನಮ್ಮವರು ತುತ್ತನ್ನು ತಟ್ಟೆಗೆ ಇಳಿಸಿ, ವಾರಾನ್ನ ಹಚ್ಚೋಣ ಅಂದರು.

ಈಗಿನವರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಹಿಂದೆ ಓದಲು ಊರು ಬಿಟ್ಟು ಬಂದ ಬಡ ಬ್ರಾಹ್ಮಣ ಹುಡುಗರಿಗೆ ಪೇಟೆಯ ಉಳ್ಳವರ ಮನೆಗಳಲ್ಲಿ ವಾರಕ್ಕೊಂದು ದಿನದಂತೆ ಊಟ ಹಾಕುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ನಮ್ಮ ಮಾವನವರು ಕುರುಗೋಡಿನಿಂದ ಬಳ್ಳಾರಿಗೆ ಬಂದು ಹಾಗೆಯೇ ಹೈಸ್ಕೂಲು ಮುಗಿಸಿ, ಆಮೇಲೆ ಮೇಷ್ಟರಾದವರು. ಮನೆತನದಲ್ಲಿ ಇದು ದೊಡ್ಡ ಹೆಮ್ಮೆಯ ಕತೆ. ನಮ್ಮವರು ಇದನ್ನು ಎಷ್ಟು ಸ್ವಾತಂತ್ರ್ಯ ದಿನಾಚರಣೆಗಳಲ್ಲಿ, ಎಷ್ಟು ಬೀಳ್ಕೊಡುಗೆಗಳಲ್ಲಿ ಹೇಳಿದ್ದಾರೋ ನಾನು ಲೆಕ್ಕ ಬಿಟ್ಟಿದ್ದೇನೆ. ಕೊನೆಗೆ ಪ್ರತಿ ಸಲ ಅಪ್ಪನ ಏಕಾದಶಿಯ ಮಾತೂ ಬರುತ್ತದೆ. ಅಷ್ಟು ಹಸಿವು ಕಂಡ ಮನುಷ್ಯ ಕೊನೆಯ ಉಸಿರಿನವರೆಗೆ ಒಂದು ಏಕಾದಶಿಯನ್ನೂ ಬಿಡಲಿಲ್ಲ, ನೀರು ಸಹ ಮುಟ್ಟುತ್ತಿರಲಿಲ್ಲ ಎಂದು ಹೇಳಿಯೇ ಇವರು ಮಾತು ಮುಗಿಸುತ್ತಾರೆ.

ಅಂದು ಇವರು ಅಮ್ಮನ ಕಡೆ ನೋಡಿದರು. ಅತ್ತೆ ಒಂದು ಬತ್ತಿ ಮುಗಿಸಿ ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡರು.

ಮರುದಿನ ಸ್ಟಾಫ್ ರೂಮಿನಲ್ಲಿ ಇವರು ವಿಷಯ ತೆಗೆದರಂತೆ. ಪ್ರಿನ್ಸಿಪಾಲರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ಎಲ್ಲಿಲ್ಲ? ವಾರದೊಳಗೆ ಐದು ಮನೆ ಸಿದ್ಧವಾದವು. ದೂರದಿಂದ ಬರುವ, ಓದಿನಲ್ಲಿ ಚುರುಕಾದ ಐದು ಹುಡುಗಿಯರನ್ನು ಆರಿಸಿದರು. ಒಬ್ಬೊಬ್ಬಳಿಗೂ ದಿನಕ್ಕೊಂದು ಮನೆ. ಶನಿವಾರ ಹೇಗೂ ಅರ್ಧ ದಿನ. ಒಂದು ಮನೆ ದೊಡ್ಡಬಸವರಾಜ ಅವರದು. ರೈಸ್ ಮಿಲ್ಲಿನ ಮಾಲೀಕರು, ಧಾರಾಳ ಮನುಷ್ಯ, ಮಗ ಇದೇ ಕಾಲೇಜಿನಲ್ಲಿ ಎರಡನೇ ವರ್ಷ. ನಮ್ಮ ಮನೆಗೆ ಸೋಮವಾರ ಬಂದವಳು, ಗುರುವಾರ ಅವರಲ್ಲಿಗೆ ಹೋದವಳು ಕೆಂಚನಗುಡ್ಡದ ಸೌಂದರ್ಯ.

ಅವಳ ಬಗ್ಗೆ ಗಣಿತದ ಶೀಲಾ ಮೇಡಂ ಮೊದಲೇ ಹೇಳಿದ್ದರು. ಇಡೀ ತರಗತಿಯಲ್ಲಿ ಲೆಕ್ಕವನ್ನು ಆಟದ ಹಾಗೆ ಬಿಡಿಸುವವಳು ಅವಳೊಬ್ಬಳೇ, ಆದರೆ ಗಣಿತ ಇರುವುದು ಮಧ್ಯಾಹ್ನ, ಆಗ ಅವಳು ಇರುವುದಿಲ್ಲ ಎಂದು. ತಂದೆ ಇಲ್ಲ. ತಾಯಿ ಕೊಟ್ರಬಸಮ್ಮ ಗದ್ದೆ ಕೂಲಿಗೆ ಹೋಗುತ್ತಾಳೆ. ಹುಡುಗಿ ಕಾಲೇಜಿನಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ಆ ಮಧ್ಯಾಹ್ನದ ಮೇಲೆ ನಿಂತಿತ್ತು.

ಮೊದಲ ಸೋಮವಾರ ನಾನು ಹೆಸರುಬೇಳೆ ಕೋಸಂಬರಿ, ಬದನೆಕಾಯಿ ಪಲ್ಯ, ಸಾರು, ಒಂದಿಷ್ಟು ಹಪ್ಪಳ ಎಲ್ಲಾ ಮಾಡಿದ್ದೆ. ಹುಡುಗಿ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಕಾಲು ತೊಳೆದು, ಎಲ್ಲಿ ಕೂಡಬೇಕು ಎಂದು ಕಣ್ಣಿನಲ್ಲೇ ಕೇಳಿದಳು. ನಡುಮನೆಯ ಟೇಬಲ್ಲಿಗೆ ಕೂಡಿಸಿದೆ. ಎದುರಿಗೆ ನಮ್ಮವರು ಕೂತು, ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಬಂತು, ಮುಂದೆ ಏನಾಗಬೇಕು ಅಂತಿ, ಮನೆಯಲ್ಲಿ ಎಷ್ಟು ಜನ ಎಂದು ಪ್ರೀತಿಯಿಂದಲೇ ಕೇಳಿದರು. ಅವಳು ಪ್ರತಿ ಪ್ರಶ್ನೆಗೂ ತುತ್ತು ಕೆಳಗಿಟ್ಟು, ಉತ್ತರ ಹೇಳಿ, ಮತ್ತೆ ತುತ್ತು ಎತ್ತಿಕೊಳ್ಳುತ್ತಿದ್ದಳು. ಅನ್ನ ಆರಿಹೋಯಿತು. ಇನ್ನಷ್ಟು ಹಾಕಲು ಹೋದರೆ ಕೈ ಅಡ್ಡ ಹಿಡಿದು ಸಾಕ್ರಿ ಅಂದಳು.

ಊಟವಾದ ಮೇಲೆ ಬೇಡವೆಂದರೂ ತಟ್ಟೆ ತೊಳೆದು ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು. ಆ ತಟ್ಟೆಯನ್ನು ನಾನು ಒಳಗೆ ತಂದು ನಮ್ಮ ತಟ್ಟೆಗಳ ಜೊತೆ ಜೋಡಿಸಿದೆ ಎಂದು ಹೇಳಿಕೊಳ್ಳಲು ಆಸೆ. ನಿಜವೆಂದರೆ ಅದು ಅಲ್ಲೇ ಉಳಿಯಿತು, ಮರುವಾರ ಅವಳಿಗೆ ಅದರಲ್ಲೇ ಬಡಿಸಿದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಅತ್ತೆಯವರು ಕುರ್ಚಿಯಿಂದ ಅದನ್ನು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ.

ಉಳಿದ ಮನೆಗಳ ಸುದ್ದಿಯೂ ಬರುತ್ತಿತ್ತು. ಕೆಟ್ಟದ್ದೇನೂ ಇಲ್ಲ. ಮಿಲ್ಲಿನವರ ಮನೆಯಲ್ಲಿ ಹೊಟ್ಟೆ ತುಂಬ ರೊಟ್ಟಿ, ಮೊಸರು ಹಾಕುತ್ತಿದ್ದರು. ಊಟವಾದ ಮೇಲೆ ಹಂಗೇ ಕೂತು ಈ ಶೇಂಗಾ ಸುಲಿದು ಹೋಗವ್ವ ಎಂದು ಯಜಮಾನತಿ ಮೊರ ಮುಂದಿಡುತ್ತಿದ್ದರಂತೆ. ಇನ್ನೊಂದು ಮನೆಯಲ್ಲಿ ಬಂದವರಿಗೆಲ್ಲ ಸೌಂದರ್ಯಳನ್ನು ತೋರಿಸಿ, ಇಕಿ ನಮ್ಮ ಬುಧವಾರದಾಕಿ ಅನ್ನುತ್ತಿದ್ದರಂತೆ. ನಾನು ಕೇಳಿ ನಕ್ಕಿದ್ದೆ. ಆಮೇಲೆ, ನಾನೂ ಪಕ್ಕದ ಮನೆಯವರಿಗೆ ಇವಳನ್ನು ಸೋಮವಾರದ ಹುಡುಗಿ ಎಂದೇ ಹೇಳಿದ್ದು ನೆನಪಾಗಿ ನಗು ನಿಂತಿತು.

ಶ್ರಾವಣ ಬಂತು. ಎರಡನೇ ಸೋಮವಾರ ಸೌಂದರ್ಯ ಬಾಗಿಲಲ್ಲೇ ನಿಂತು, ಇವತ್ತು ಉಪಾಸ ಅದೀನ್ರಿ ಅಮ್ಮಾರ, ಶಿವನ ವಾರ ಅಂದಳು. ನಮ್ಮವರಿಗೆ ಹಿಡಿಸಲಾರದ ಸಂತೋಷ. ಅವಳ ಕೈಗೆ ಬಾಳೆಹಣ್ಣು ಕೊಟ್ಟು ಕಳಿಸಿದರು. ಮರುವಾರ ಗುರುವಾರವೂ ಉಪವಾಸ ಶುರುವಾಯಿತು, ರಾಯರ ವಾರ ಎಂದು. ಮಂತ್ರಾಲಯ ಇಲ್ಲಿಗೆ ಹತ್ತಿರವೇ, ಯಾವ ಜಾತಿಯವರಾದರೂ ರಾಯರಿಗೆ ನಡೆದುಕೊಳ್ಳುತ್ತಾರೆ. ಆದರೂ ಶೈವರ ಮನೆಯ ಹುಡುಗಿ ನಮ್ಮ ರಾಯರನ್ನು ನಂಬಿದ್ದಾಳೆ ಎಂದು ಇವರು ಉಬ್ಬಿಹೋದರು. ಆಮೇಲೆ ಶುಕ್ರವಾರ ಲಕ್ಷ್ಮಿಯದು. ಉಳಿದ ನಾಲ್ವರು ಹುಡುಗಿಯರಲ್ಲೂ ಭಕ್ತಿ ಹಬ್ಬಿತು. ಒಬ್ಬಳಿಗೆ ಮಂಗಳಗೌರಿ, ಒಬ್ಬಳಿಗೆ ಒಪ್ಪೊತ್ತು, ಒಬ್ಬಳಿಗೆ ಊರಮ್ಮನ ಹರಕೆ. ಇವರು ಕಾಲೇಜಿನ ಸಭೆಯಲ್ಲಿ ಈ ಮಕ್ಕಳ ಸಂಸ್ಕಾರವನ್ನು ಹೊಗಳಿ ಮಾತಾಡಿ ಬಂದರು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಮನುಷ್ಯನಿಗೆ ಹೆಂಡತಿಯಾಗುವುದು ಸುಲಭವಲ್ಲ. ಆದರೆ ಈ ಸಲ ನಾನೂ ನಂಬಿದೆ. ನಮ್ಮಂಥವರ ಮನೆಯಲ್ಲಿ ಯಾರಾದರೂ ಊಟ ಬಿಟ್ಟರೆ ಮೊದಲು ಹೊಳೆಯುವುದು ದೇವರೇ. ತಿಥಿ ಯಾವುದು ಎಂದು ಕೇಳುತ್ತೇವೆ, ಯಾಕೆ ಎಂದು ಕೇಳುವುದಿಲ್ಲ.

ಶ್ರಾವಣ ಮುಗಿಯಿತು, ಉಪವಾಸಗಳು ಮುಗಿಯಲಿಲ್ಲ. ಗಣೇಶನನ್ನು ನೀರಿಗೆ ಬಿಟ್ಟ ಮೇಲೊಂದು ಭಾನುವಾರ ಸಂಜೆ ಕೊಟ್ರಬಸಮ್ಮ ನಮ್ಮ ಮನೆಗೆ ಬಂದಳು. ಗಟ್ಟಿ ಹೆಂಗಸು, ಮಾತು ನೇರ. ಒಳಗೆ ಬಾ ಎಂದರೆ ಮೆಟ್ಟಿಲ ಮೇಲೇ ಕೂತಳು. ಮಗಳ ಟೀಸಿ ಬೇಕು ಅಂದಳು. ವಾರದಲ್ಲಿ ಮೂರು ದಿನ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಾಳೆ, ಮೇಷ್ಟರು ಹಾಜರಾತಿ ಸಾಲದು ಅನ್ನುತ್ತಾರೆ, ಪರೀಕ್ಷೆಗೇ ಕೂಡಿಸದಿದ್ದರೆ ಈ ಅರ್ಧ ದಿನದ ಕಾಲೇಜಿಗೆ ಬಸ್ಸು ಹತ್ತುವುದು ಯಾಕೆ, ನನ್ನ ಜೊತೆ ಕಳೆ ಕೀಳಲು ಬರಲಿ ಎಂಬುದು ಅವಳ ಮಾತಿನ ಸಾರಾಂಶ. ಸಿಟ್ಟಿನಿಂದ ಹೇಳಲಿಲ್ಲ. ಆಸೆ ಕೈಬಿಟ್ಟವರು ಹೇಳುವ ಹಾಗೆ ಹೇಳಿದಳು.

ನಮ್ಮವರು ಗಾಬರಿಯಾದರು. ಅಂಥ ಹುಡುಗಿಯನ್ನು ಬಿಡಿಸಬಾರದು, ಬರೀ ಜಾಣೆಯಲ್ಲ ದೈವಭಕ್ತಳು, ಈ ವಯಸ್ಸಿಗೆ ವಾರಕ್ಕೆ ಮೂರು ಉಪವಾಸ ಮಾಡುತ್ತಾಳೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ಕೊಟ್ರಬಸಮ್ಮ ಅವರ ಮುಖವನ್ನೇ ನೋಡಿದಳು. "ಯಾರು, ನನ್ನ ಮಗಳಾ? ಶಿವರಾತ್ರಿಗೇ ಒಂದು ಹೊತ್ತು ಬಿಟ್ಟಾಕಿ ಅಲ್ರಿ ಅಕಿ. ಬಸ್ ಇಳಿದು ಬಂದ ಕೂಡ್ಲೆ ನಿಂತಕಂಡೇ ಉಣ್ತಾಳ. ಗಡಿಗಿ ತಳ ಕಾಣೋತನಕ ಬಿಡಂಗಿಲ್ಲ."

 ನಮ್ಮವರ ಬಾಯಿ ಇನ್ನೂ ತೆರೆದೇ ಇತ್ತು. ನನಗೆ ಹಿತ್ತಲ ಕಟ್ಟೆಯ ಮೇಲಿನ ತಟ್ಟೆ ಕಣ್ಣಿಗೆ ಬಂದು ಮೈಯೆಲ್ಲ ಬಿಸಿಯಾಯಿತು. ನಾಚಿಕೆಗೆ ಬೇರೆ ಹೆಸರು ಹುಡುಕುವುದು ಬೇಡ, ಅದು ನಾಚಿಕೆಯೇ.

ಆಗ ಅತ್ತೆಯವರು ಕುರ್ಚಿಯಿಂದಲೇ ಕೊಟ್ರಬಸಮ್ಮನನ್ನು ಮಾತಾಡಿಸಿದರು. ಒಂದು ತಿಂಗಳು ತಡೆಯವ್ವ, ಆಮೇಲೂ ಬೇಕೆನಿಸಿದರೆ ಟೀಸಿ ತೊಗೊಂಡು ಹೋಗು ಅಂದರು. ಅವಳು ಸೆರಗು ಕೊಡವಿ ಎದ್ದು, ಒಂದು ತಿಂಗಳು ಅಷ್ಟೇ ನೋಡ್ರಿ ಎಂದು ಹೋದಳು.

ಗೇಟಿನ ಸದ್ದು ನಿಂತ ಮೇಲೆ ಅತ್ತೆ ಮಗನ ಕಡೆ ತಿರುಗಿದರು.

"ಮಧು, ನಿಮ್ಮಪ್ಪ ಏಕಾದಶಿ ಬಿಡ್ತಿರ್ಲಿಲ್ಲ ಅಂತ ಊರಿಗೆಲ್ಲ ಹೇಳ್ತಿ. ಯಾಕ ಬಿಡ್ತಿರ್ಲಿಲ್ಲ, ಗೊತ್ತದ ಏನು ನಿನಗ?"

ಭಕ್ತಿ ಎಂದು ಇವರು ಅರ್ಧ ಬಾಯಲ್ಲಿ ಅಂದರು.

"ಮದುವಿ ಆದ ಹೊಸದಾಗಿ ನನಗ ಒಮ್ಮೆ ಹೇಳಿದ್ರು. ಆಮ್ಯಾಲ ಆ ಮಾತು ಎತ್ತಲೇ ಇಲ್ಲ. ವಾರದ ಹುಡುಗಗ ಹದಿನೈದು ದಿವಸಕ್ಕ ಒಂದು ಹಬ್ಬ ಬರ್ತದ, ಅದು ಏಕಾದಶಿ ಅಂದ್ರು. ಅವತ್ತು ಓಣಿಗೆ ಓಣಿನೇ ಉಪವಾಸ. ಯಾರ ಬಾಗಿಲಿಗೂ ಹೋಗೋದು ಬ್ಯಾಡ, ಯಾರ ಮನಿ ಪಡಸಾಲ್ಯಾಗೂ ಎಲ್ಲಾರ ಊಟ ಮುಗಿಯೋತನಕ ಕಾಯೋದು ಬ್ಯಾಡ. ಹೊಟ್ಟಿ ಸುಡ್ತಿತ್ತು ಲಕ್ಷ್ಮೀ, ಆದ್ರ ಅವತ್ತೊಂದು ದಿವಸ ನಾನೂ ಎಲ್ಲಾರ ಹಂಗ ಇರ್ತಿದ್ದೆ ಅಂದ್ರು. ಆ ಹುಡುಗಿಗೆ ಏಕಾದಶಿ ಇಲ್ಲ. ಅದಕ್ಕ ಸೋಮವಾರ, ಗುರುವಾರ ತಾನೇ ಮಾಡ್ಕೊಂಡಾಳ."

ನಮ್ಮವರು ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡರು. ಕಾಲು ತೊಳೆಯುವಂಥದ್ದೇನೂ ಆಗಿರಲಿಲ್ಲ.  ಮೂವತ್ತು ವರ್ಷ ವೇದಿಕೆಗಳ ಮೇಲೆ ಮಾಲೆ ಹಾಕಿಸಿಕೊಂಡ ಕತೆ ಅದು. ಅದರೊಳಗೆ ಅಪ್ಪ ಎಲ್ಲಿ ಕೂತಿದ್ದ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಪಾಪ ಅನ್ನಿಸಿತು. ನನ್ನ ಗಂಡ ಪೆದ್ದ ಇರಬಹುದು, ಕೆಟ್ಟವರಲ್ಲ.

ಒಳಗೆ ಬಂದು, ಹಂಗಾದ್ರ ಏನು ಮಾಡ್ಲಿ ಅಮ್ಮಾ ಎಂದು ಕೇಳಿದರು. ಎಲ್ಲಾರಿಗೂ ಹಾಕು, ಇಲ್ಲಾಂದ್ರ ಯಾರಿಗೂ ಹಾಕಬ್ಯಾಡ ಅಂದರು ಅತ್ತೆ.

ಇದಕ್ಕೆ ಮೊದಲು ಅಡ್ಡ ಮಾತಾಡಿದವಳು ನಾನೇ. ಕಾಲೇಜಿನಲ್ಲಿ ಮುನ್ನೂರರ ಮೇಲೆ ಮಕ್ಕಳಿದ್ದಾರೆ. ಅವರಲ್ಲಿ ಟ್ರ್ಯಾಕ್ಟರು ಇದ್ದವರ ಮಕ್ಕಳು, ಅಂಗಡಿ ಇದ್ದವರ ಮಕ್ಕಳು, ಬುಲೆಟ್ ಮೇಲೆ ಬರುವವರು ಎಲ್ಲಾ ಇದ್ದಾರೆ. ಉಂಡವರಿಗೇ ಮತ್ತೆ ಉಣಿಸುವುದು ಯಾವ ಧರ್ಮ, ಅಕ್ಕಿ ಏನು ಆಕಾಶದಿಂದ ಉದುರುತ್ತದೆಯೇ ಎಂದೆ. ಬೇಕಾದವರಿಗಷ್ಟೇ, ಆದರೆ ಮನೆಗಳಲ್ಲಿ ಬೇಡ, ಕಾಲೇಜಿನಲ್ಲೇ ಹಾಕೋಣ ಎಂದೂ ಅಂದೆ. ಅತ್ತೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಅದೇ ದೊಡ್ಡದು. ಆಮೇಲೆ, "ಶ್ರೀಮಂತರ ಮಕ್ಕಳ ಹೊಟ್ಟಿ ತುಂಬ್ಲಿ ಅಂತ ಅಲ್ಲ ಸುಮೇಧಾ. ಅವರು ಕೂತ್ರ ಉಳಿದವರು ಕೂಡ್ತಾರ" ಅಂದರು.

 ಆ ರಾತ್ರಿ ಪಾತ್ರೆ ತಿಕ್ಕುತ್ತಾ ಅದಕ್ಕೆ ಉತ್ತರ ಹುಡುಕಿದೆ. ನಾನು ಅಷ್ಟು ಸುಲಭಕ್ಕೆ ಸೋಲುವವಳಲ್ಲ. ಸಿಗಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇಷ್ಟೆಲ್ಲ ಹೇಳಿದ ಅತ್ತೆಯವರು ಮರುದಿನವೂ ಮಡಿಯಲ್ಲೇ ಅಡುಗೆ ಮಾಡಿಕೊಂಡರು. ಸೌಂದರ್ಯ ಮುಟ್ಟಿದ ನೀರು ಅವರು ಕುಡಿಯುತ್ತಿರಲಿಲ್ಲ, ಇವತ್ತೂ ಕುಡಿಯುವುದಿಲ್ಲ. ನಾನು ಒಮ್ಮೆ ಅದನ್ನು ಎತ್ತಿ ಆಡಿದಾಗ, ನನ್ನ ಹುಚ್ಚು ನನ್ನ ಸಂಗಾತನೇ ಹೋಗ್ತದ, ಮಕ್ಕಳಿಗ್ಯಾಕ ಹಚ್ತಿ ಅಂದರು. ಮನುಷ್ಯರು ಇಡಿಯಾಗಿ ಒಂದೇ ಕಡೆ ವಾಲಿರುವುದಿಲ್ಲ. ಅವರನ್ನು ತಿದ್ದುವ ಕೆಲಸ ನಾನು ಹಚ್ಚಿಕೊಳ್ಳಲಿಲ್ಲ.

ಹೈಸ್ಕೂಲಿನ ಅಡುಗೆಯವರು ಇನ್ನೊಂದು ಒಲೆ ಹೊತ್ತಿಸಿದರೆ ಆಗುತ್ತದೆ, ನಮ್ಮದೂ ಸ್ವಲ್ಪ ಸಂಬಳ ನೋಡಿರಿ ಎಂದು ಒಪ್ಪಿದರು. ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಅಡುಗೆಮನೆ ಕೊಟ್ಟರು, ಕಾಲೇಜಿನ ಮೇಷ್ಟರುಗಳು ತಿಂಗಳಿಗಿಷ್ಟು ಎಂದು ಬೇಳೆ, ಎಣ್ಣೆಗೆ ಹಾಕಿಕೊಂಡರು. ಉಳಿದದ್ದು ಅಕ್ಕಿ. ಅಕ್ಕಿ ಎಂದರೆ ದೊಡ್ಡಬಸವರಾಜರು. ನಮ್ಮವರಿಗೆ ಕೇಳಲು ಸಂಕೋಚ, ಅದಕ್ಕೆ ನಾನೂ ಜೊತೆಗೆ ಹೋದೆ.

ಅವರು ಮಿಲ್ಲಿನಲ್ಲೇ ಸಿಕ್ಕರು. ತೌಡಿನ ಧೂಳು ಹುಬ್ಬಿನ ಮೇಲೆಲ್ಲ ಕೂತಿತ್ತು. ಚಹಾ ತರಿಸಿದರು. ವಿಷಯ ಪೂರ್ತಿ ಕೇಳಿ, ಬಡ ಮಕ್ಕಳು ಎಷ್ಟೇ ಇರಲಿ ಅವರ ಅಕ್ಕಿ ನನ್ನದು ಅಂದರು. ಆದರೆ ಎಲ್ಲರಿಗೂ ಎಂದರೆ ಅವರಿಗೆ ಮನಸ್ಸು ಒಪ್ಪುತ್ತಿಲ್ಲ. ಇದ್ದವರಿಗೆ ಹಾಕುವ ಒಂದೊಂದು ಹಿಡಿಯೂ ಇಲ್ಲದವರ ತಟ್ಟೆಯಿಂದ ತೆಗೆದಂತೆ, ನನ್ನ ಮಗನಿಗೇ ನಾನು ದಾನ ಮಾಡುವುದು ಯಾವ ಊರ ನ್ಯಾಯ ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಅತ್ತೆಯ ಮುಂದೆ ಹೇಳಿದ್ದನ್ನೇ ಅವರು ನನಗಿಂತ ಚೆನ್ನಾಗಿ ಹೇಳಿದರು. ನಮ್ಮವರು ಚಹಾದ ಲೋಟ ನೋಡುತ್ತಾ ಕೂತುಬಿಟ್ಟರು.

ನಾನು ಅವರನ್ನು ಬೇರೆ ಒಂದು ಕೇಳಿದೆ. ಮಠದ ದಾಸೋಹಕ್ಕೆ ಪ್ರತಿ ವರ್ಷ ನೀವು ಅಕ್ಕಿ ಕಳಿಸುತ್ತೀರಿ, ಅಲ್ಲಿ ಪಂಕ್ತಿಯಲ್ಲಿ ಕೂತವರನ್ನು ನೀನು ಬಡವನೋ ಅಲ್ಲವೋ ಎಂದು ಯಾರಾದರೂ ಕೇಳುತ್ತಾರೆಯೇ ಎಂದೆ. ಕೇಳುವುದಿಲ್ಲ ಅಂದರು. ನೀವು ಅಲ್ಲಿ ಕೂತು ಉಣ್ಣುತ್ತೀರೋ ಇಲ್ಲವೋ ಎಂದೆ.

"ಉಣ್ಣದಂಗ ಹೆಂಗ ಬರಾಕ ಆಗತೈತ್ರಿ ಅಕ್ಕಾರ. ಅದು ಪ್ರಸಾದ."

"ನಿಮ್ಮಂಥವರು ಕೂತು ಉಣ್ತೀರಿ ಅಂತನೇ ಅದು ಪ್ರಸಾದ ಆಗ್ಯದ್ರಿ. ನೀವು ಎದ್ದು ನಿಂತು ಬರೀ ಬಡಿಸಿದ್ರ ಅದಕ್ಕ ಏನಂತಾರ?"

 ಒಳಗೆ ಯಂತ್ರ ನಿಂತಿತು, ಹಮಾಲರು ಚೀಲ ಹೊಲಿಯುತ್ತಿದ್ದರು. ದೊಡ್ಡಬಸವರಾಜರು ಹುಬ್ಬಿನ ಧೂಳನ್ನು ಒರೆಸಿಕೊಂಡು, ನಮ್ಮ ಹುಡುಗ ಭಾಳ ನಾಜೂಕು ಅದಾನ್ರಿ, ಬಿಸಿಯೂಟ ಅಂದ್ರ ಮೂಗು ಮುರೀತಾನ ಅಂದರು. ಮತ್ತೆ ತಾವೇ ನಕ್ಕು, "ಕೂಡ್ತಾನ ಬಿಡ್ರಿ. ಕೂಡದಿದ್ರ ಮನ್ಯಾಗೂ ಕೂಳಿಲ್ಲ ಅಂತ ಹೇಳ್ತೀನಿ" ಅಂದರು. ನಾನು ಅವರ ಹೆಂಡತಿಯ ಶೇಂಗಾದ ಮೊರದ ಮಾತು ಎತ್ತಲಿಲ್ಲ. ನನ್ನ ಹಿತ್ತಲ ಕಟ್ಟೆ ಏನು ಕಡಿಮೆಯದಾಗಿತ್ತೇ?

ಯಾವತ್ತು ಶುರು ಮಾಡುವುದು ಎಂದಾಗ ನಮ್ಮವರು ಪಂಚಾಂಗ ತೆಗೆದು ಸೋಮವಾರ ಚೆನ್ನಾಗಿದೆ ಅಂದರು. ಅತ್ತೆ ಬುಧವಾರ ಅಂದರು. ಬುಧವಾರ ಯಾವ ದೇವರ ಉಪವಾಸವೂ ಇಲ್ಲ, ಆ ಹುಡುಗಿಯರು ಯಾರ ಮುಂದೆಯೂ ವ್ರತ ಮುರಿದಂತೆ ಆಗುವುದಿಲ್ಲ ಎಂಬುದು ಅವರ ಲೆಕ್ಕ. ಪಂಚಾಂಗವನ್ನು ಇಷ್ಟು ಪುಣ್ಯದ ಕೆಲಸಕ್ಕೆ ಯಾರೂ ಬಳಸಿದ್ದನ್ನು ನಾನು ಕಂಡಿಲ್ಲ.

ಆ ಬುಧವಾರ ನಾನೂ ಬಡಿಸಲು ಹೋಗಿದ್ದೆ. ಕಾರಿಡಾರಿನ ಉದ್ದಕ್ಕೂ ಮಕ್ಕಳನ್ನು ಎದುರು ಬದುರು ಕೂಡಿಸಿದರು. ಮೊದಲಿಗೆ ಬರೀ ತಳ್ಳಾಟ, ನಗು, ನಾ ಒಲ್ಲೆ ನೀ ಒಲ್ಲೆ. ದೊಡ್ಡ ಹುಡುಗರು ಗೋಡೆಗೆ ಆತು ನಿಂತೇ ಇದ್ದರು. ಮಿಲ್ಲಿನವರ ಮಗ ಮುಖ ಗಂಟು ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತ. ಅಪ್ಪನ ಮೇಲಿನ ಸಿಟ್ಟು ಅಷ್ಟೂ ಮುಖದಲ್ಲಿತ್ತು. ಅವನು ಕೂತದ್ದೇ ಗೋಡೆಗೆ ಆತವರು ಒಬ್ಬೊಬ್ಬರಾಗಿ ಕೂತರು. ನಮ್ಮವರು, ಶೀಲಾ ಮೇಡಂ, ಉಳಿದ ಮೇಷ್ಟರುಗಳು ಕೂಡ ನಡುನಡುವೆ ಜಾಗ ಮಾಡಿಕೊಂಡು ಕೂತರು. ನಮ್ಮವರು ಹೊರಗಿನ ಅನ್ನ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಲ್ಕು ತುತ್ತಿಗೆ ಬೆವರಿದರು, ಆದರೆ ಏಳಲಿಲ್ಲ.

ಸೌಂದರ್ಯ ಎಲ್ಲಿ ಎಂದು ನನ್ನ ಕಣ್ಣು ಹುಡುಕುತ್ತಿತ್ತು. ಕೊನೆಯ ಸಾಲಿನಲ್ಲಿ ಗೆಳತಿಯರ ಮಧ್ಯೆ ಕೂತಿದ್ದಳು. ನಾನು ಬಡಿಸುತ್ತಾ ಬಂದಾಗ ತಲೆ ಎತ್ತಿ ನೋಡಿದಳು, ಗುರುತಿನ ನಗೆ ನಕ್ಕಳು, ಪಕ್ಕದವಳ ಜೊತೆ ಮಾತು ಮುಂದುವರಿಸಿದಳು. ನಾನು ಅವಳಿಗೆ ಯಾರೋ ಒಬ್ಬ ಬಡಿಸುವವಳು. ನನಗೆ ಎಷ್ಟು ಹಗುರಾಯಿತು ಎಂದರೆ, ಪಕ್ಕದವಳಿಗೆ ಸಾರು ಹಾಕುವುದನ್ನು ಮರೆತು ಮುಂದೆ ಹೋದೆ.

ಗುರುವಾರ ಉಂಡಳು, ಶುಕ್ರವಾರ ಉಂಡಳು. ಸೋಮವಾರವೂ ಬಂದು ಕೂತಳು. ನಮ್ಮವರು ಆ ದಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದರಂತೆ. ಅವಳ ಮುಂದೆ ಬಂದಾಗ, ಇವತ್ತು ಸೋಮವಾರ ಅಲ್ಲೇನವ್ವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ನುಂಗಿಕೊಂಡು ಅನ್ನ ಹಾಕಿ ಮುಂದೆ ಹೋದರಂತೆ. ಮೂವತ್ತು ವರ್ಷದಲ್ಲಿ ಅವರು ನುಂಗಿಕೊಂಡ ಮೊದಲ ಮಾತು ಅದು. ಮಧ್ಯಾಹ್ನದ ಗಣಿತಕ್ಕೆ ಅವಳು ಮುಂದಿನ ಬೆಂಚಿನಲ್ಲಿರುತ್ತಾಳೆ ಎಂದು ಶೀಲಾ ಮೇಡಂ ಹೇಳಿದರು. ತಿಂಗಳು ಮುಗಿದರೂ ಕೊಟ್ರಬಸಮ್ಮ ಟೀಸಿಗೆ ಬರಲಿಲ್ಲ.

ದೀಪಾವಳಿಯ ರಜೆ ಮುಗಿದ ವಾರ. ಸಂಜೆ ನಮ್ಮವರು ಚಪ್ಪಲಿ ಬಿಡುವ ಮೊದಲೇ ಅಮ್ಮಾ ಎಂದು ಕೂಗುತ್ತಾ ಬಂದರು. ಏನೋ ಪದಕ ಗೆದ್ದವರ ಮುಖ. ಇವತ್ತು ಸೌಂದರ್ಯ ನೂರಾರು ಮಂದಿಯ ನಡುವೆ ಕೂತಲ್ಲಿಂದಲೇ ಗಟ್ಟಿಯಾಗಿ ತಮ್ಮನ್ನು ಕರೆದಳಂತೆ. ಏನೋ ತೊಂದರೆಯಾಯಿತು ಎಂದು ಇವರು ಓಡಿ ಹೋದರೆ, ಸಾರ್, ಸಾರಿಗೆ ಉಪ್ಪು ಕಡಿಮಿ ಐತ್ರಿ, ದಿನಾ ಹಿಂಗೇ ಮಾಡ್ತಾರ, ಹೇಳ್ರಿ ಅವರಿಗೆ ಅಂದಳಂತೆ. ಅಷ್ಟಕ್ಕೇ ಬಿಡದೆ ತಟ್ಟೆ ಮುಂದೆ ಮಾಡಿ ಇನ್ನಷ್ಟು ಅನ್ನ ಹಾಕಿಸಿಕೊಂಡಳಂತೆ. ಇವರು ಅದನ್ನು ಎರಡೆರಡು ಸಲ ಹೇಳಿದರು, ಅವಳ ಧ್ವನಿಯಲ್ಲೇ ಹೇಳಿದರು. ನಾನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡೆ.

ಅತ್ತೆಯವರು ನಗಲಿಲ್ಲ. ಹತ್ತಿಯ ಎಳೆ ಬೆರಳುಗಳ ನಡುವೆ ಹಾಗೇ ನಿಂತಿತ್ತು.

"ನಿಮ್ಮಪ್ಪ ಐವತ್ತು ವರ್ಷ ನನ್ನ ಕೈಯಾಗ ಉಂಡ್ರು ಮಧು. ಒಂದು ದಿವಸನೂ ಉಪ್ಪು ಕಡಿಮಿ ಅದ ಅಂದವರಲ್ಲ, ಖಾರ ಹೆಚ್ಚಾಗ್ಯದ ಅಂದವರಲ್ಲ, ಇನ್ನೊಂದು ಸ್ವಲ್ಪ ಹಾಕು ಅಂದವರಲ್ಲ. ನನ್ನ ಅಡಿಗಿ ಅಷ್ಟು ಚೊಲೋ ಇರ್ತದ ಅಂತನೇ ತಿಳಕೊಂಡಿದ್ದೆ ನಾನು."

ನಮ್ಮವರು ಹೋಗಿ ಅವರ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತರು.